ಮೇಜರ್‌ನ ಉಪವಾಸ

"ಈ ನಾಯಿಯನ್ನ ಬರೀ ನಾಯಿಯಾಗಿ ಉಳಿಸಿದ್ರೆ ನನ್ನ ಹೆಸರು ಗಂಗಾಧರಯ್ಯನೇ ಅಲ್ಲ!"

ಎಮರ್ಜೆನ್ಸಿಯ ಕಾಲ. ಗೋಡೆ ಕಂಡಲ್ಲೆಲ್ಲ ಶಿಸ್ತು, ಶಿಸ್ತು ಎಂದು ಬಳಿದಿದ್ದರು. ಸಹಿ ಹಾಕಿ ಕಾಫಿಗೆ ಹೋದರೆ ಊಟದ ಹೊತ್ತಿಗೆ ಬರುತ್ತಿದ್ದ ಗುಮಾಸ್ತರೆಲ್ಲ ಬಾಲ ಮುದುರಿಕೊಂಡು ಕುರ್ಚಿಗೆ ಅಂಟಿದ್ದರು. ಗಂಗಾಧರಯ್ಯನೂ ಅಂಟಿದ್ದ. ಮೇಲಿನವರು ತನಗೆ ಮಾಡಿದ್ದನ್ನು ಕೆಳಗಿನವರಿಗೆ ಮಾಡದಿದ್ದರೆ ಮನುಷ್ಯನಿಗೆ ತಿಂದ ಅನ್ನ ಅರಗುವುದಿಲ್ಲ. ಗಂಗಾಧರಯ್ಯನ ಕೆಳಗಿದ್ದದ್ದು ಅಲ್ಸೇಷಿಯನ್ ಮೇಜರ್ ಒಂದೇ. ಹೆಂಡತಿ ಜಯದೇವಿ ಯಾವತ್ತೂ ಮೇಲೇ ಇದ್ದಳು.

ಅನಾಹುತ ಶುರುವಾದದ್ದು ಒಂದು ಪಂಚೆಯಿಂದ. ವಿಜಯನಗರದಲ್ಲಿ ಅವರಿದ್ದ ಬಾಡಿಗೆ ಮನೆಯ ಮಾಲೀಕ ಹನುಮಂತಯ್ಯ, ಹೊಲಗಳೆಲ್ಲ ಸೈಟುಗಳಾದ ಮೇಲೆ ನೇಗಿಲು ಬಿಟ್ಟು ಬಾಡಿಗೆ ಎಣಿಸುತ್ತಿದ್ದವನು, ಕಾಂಪೌಂಡಿನ ಆಚೆಗೇ ವಾಸ. ಒಣಹಾಕಿದ್ದ ಅವನ ಹೊಸ ಪಂಚೆಯನ್ನು ಮೇಜರ್ ಎಳೆದು, ಚರಂಡಿಯಲ್ಲಿ ಅದ್ದಿ, ಬೀದಿಯಲ್ಲಿ ಮೆರವಣಿಗೆ ಮಾಡಿಸಿತು!

"ಐನೋರೇ, ನಾಯಿನ ಖಾಲಿ ಮಾಡ್ಸಿ," ಎಂದ ಹನುಮಂತಯ್ಯ. "ಇಲ್ಲಾ, ಅದ್ರ ಜೊತೆ ನೀವೂ ಖಾಲಿ ಮಾಡಿ. ನಮ್ಮನೆಯೋಳು ಕುಣೀತಾವ್ಳೆ."

ಅಷ್ಟಕ್ಕೇ ತಲೆ ತಗ್ಗಿಸಿದ್ದರೆ ಮುಗಿಯುತ್ತಿತ್ತು. ಗಂಗಾಧರಯ್ಯ ಮೀಸೆ ತಿರುವಿದ.

"ಬರೋ ತಿಂಗಳು ರಾಜಾಜಿನಗರದ ಮೈದಾನದಲ್ಲಿ ನಾಯಿಗಳಿಗೆ ಶಿಸ್ತಿನ ಸ್ಪರ್ಧೆ ಇದೆ. ಕಪ್ ತಂದು ನಿಮ್ಮ ಜಗುಲಿ ಮೇಲೆ ಇಡ್ತೀನಿ. ತರಲಿಲ್ವೋ, ಮಾರನೇ ದಿನವೇ ಮೇಜರ್‌ನ ಸುಂಕದಕಟ್ಟೆ ಆಚೆ ಬಿಟ್ಟು ಬರ್ತೀನಿ!"

ಒಳಗಿನಿಂದ ಜಯದೇವಿ ಧಾವಿಸಿ ಬಂದಳು. "ರೀ, ಸರಪಳಿ ಹಾಕ್ಬೇಕಾಗಿರೋದು ನಾಯಿಗಲ್ಲ, ನಿಮ್ಮ ನಾಲಿಗೆಗೆ!"

ಅವತ್ತಿನಿಂದ ಅವಳಿಗೆ ನಾಯಿಯದೇ ಚಿಂತೆ. ಮಕ್ಕಳಿಲ್ಲದ ಮನೆ. ಬಾಗಿಲ ಸದ್ದಾದರೆ ಎದ್ದು ಓಡಿಬರುತ್ತಿದ್ದ ಜೀವ ಮೇಜರ್ ಒಂದೇ. ಬೇರೆ ಬಾಡಿಗೆ ಮನೆ ನೋಡೋಣವೆಂದರೆ, ನಾಯಿ ಇದೆ ಎಂದ ಕೂಡಲೇ ಚಂದ್ರಾ ಲೇಔಟಿನವರೆಗೂ ಬಾಗಿಲುಗಳು ಮುಚ್ಚಿಕೊಳ್ಳುತ್ತಿದ್ದವು.

ತರಬೇತಿ ಆರಂಭವಾಯಿತು. ಬೆಳಗ್ಗೆ ಅವಳದು, ಬೆಲ್ಲದ ಪದ್ಧತಿ. ಸಂಜೆ ಇವನದು, ಗರ್ಜನೆಯ ಪದ್ಧತಿ.

"ನಿನ್ನ ಬೆಲ್ಲದಿಂದ ಅದು ಹಾಳಾಗ್ತಿದೆ ಕಣೇ!"

"ನೀವು ಸಿಟ್ ಅಂತ ಅರಚಿದ್ದಕ್ಕೆ ದಾರೀಲಿ ಹೋಗ್ತಿದ್ದ ನಂಜುಂಡಪ್ಪನೋರು ಕೂತ್ಬಿಟ್ರು. ನಾಯಿ ನಿಂತೇ ಇತ್ತು!"

ಹಾಗೂ ಹೀಗೂ ಕೂರುವುದು, ನಡೆಯುವುದು, ಕರೆದರೆ ಬರುವುದು ಕಲಿತಿತು. ಉಳಿದದ್ದು ಕೊನೆಯ ಪರೀಕ್ಷೆ. ನಾಯಿಯನ್ನು ಕೂರಿಸಿ ಸಾಕಿದವರು ದೂರ ಹೋಗಬೇಕು, ಅಪರಿಚಿತರು ಮುಂದೆ ಮಾಂಸ ಇಡುತ್ತಾರೆ, ನಾಯಿ ಮುಟ್ಟಬಾರದು.

"ನಮ್ಮದು ಶುದ್ಧ ಶರಣರ ಮನೆ ನಾಯಿ. ಮಾಂಸದ ವಾಸನೆಯೇ ಕಂಡಿಲ್ಲ. ಕಾಣದ್ದರ ಮೇಲೆ ಆಸೆ ಎಲ್ಲಿಂದ ಬರುತ್ತೆ?" ಎಂದ ಗಂಗಾಧರಯ್ಯ. "ನೀನೇ ನೋಡಿದೀಯಲ್ಲ, ಭಾನುವಾರ ರಾತ್ರಿ ಅದು ಅನ್ನ ಮೂಸೋದಿಲ್ಲ. ಸೋಮವಾರದ ಉಪವಾಸವನ್ನ ಒಂದು ಹೊತ್ತು ಮುಂಚೇನೇ ಹಿಡಿಯುತ್ತೆ. ಶಿವಭಕ್ತ!"

ಜಯದೇವಿಗೆ ಧೈರ್ಯ ಬರಲಿಲ್ಲ. ಹಿತ್ತಿಲಲ್ಲಿ ಒಂದು ಹೋಳಿಗೆ ಇಟ್ಟು ನೋಡಿದಳು. ಮೇಜರ್ ಜೊಲ್ಲು ಸುರಿಸಿತೇ ಹೊರತು ಮುಟ್ಟಲಿಲ್ಲ. ಹೋಳಿಗೆಯನ್ನೊಮ್ಮೆ ನೋಡಿತು, ಕಾಂಪೌಂಡಿನ ಗೋಡೆಯನ್ನೊಮ್ಮೆ ನೋಡಿತು, ಕಲ್ಲಿನ ಹಾಗೆ ಕೂತಿತು.

"ಇದನ್ನ ನೀನು ಕಲಿಸಿದ್ಯಾ?"

"ನೀವು ಕಲಿಸಿದ್ರಿ ಅಂದ್ಕೊಂಡೆ!"

"ಹಾಗಾದ್ರೆ ಹುಟ್ಟುಗುಣ," ಎಂದ ಗಂಗಾಧರಯ್ಯ. ನಾಯಿಗೆ ಕೈ ಮುಗಿಯುವುದೊಂದು ಬಾಕಿ.

ಸ್ಪರ್ಧೆ ಬಂದದ್ದು ಭಾನುವಾರ. ಮೈದಾನದ ಹಗ್ಗದಾಚೆ ಹನುಮಂತಯ್ಯ, ಹೆಂಡತಿ ಚಿಕ್ಕಲಕ್ಷ್ಮಮ್ಮನ ಸಮೇತ ಹಾಜರ್! ಸೋಲನ್ನು ಕಣ್ಣಾರೆ ನೋಡಲು ಬಂದಿದ್ದಾರೆಂದುಕೊಂಡಳು ಜಯದೇವಿ. ಮೇಜರ್ ಮಾತ್ರ ಎಲ್ಲದರಲ್ಲೂ ಪಾಸು. ಕೊನೆಯ ಪರೀಕ್ಷೆಯಲ್ಲಿ ಎದುರಾಳಿ ಡಾಬರ್‌ಮನ್ ಮಾಂಸದ ಜೊತೆ ಮುತ್ತುಗದ ಎಲೆಯನ್ನೂ ತಿಂದು ಹೊರಬಿತ್ತು. ಇನ್ನು ಕಪ್ ಕೈಗೆಟಕುವಷ್ಟು ದೂರ.

ಗಂಗಾಧರಯ್ಯ "ಸ್ಟೇ!" ಎಂದು ಗರ್ಜಿಸಿ ಮೈದಾನದ ಅಂಚಿಗೆ ಬಂದು ನಿಂತ. ಜಯದೇವಿ ಕೊರಳಿನ ಲಿಂಗದ ಕರಡಿಗೆಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬೆರಳು ಬೆಳ್ಳಗಾಗಿದ್ದವು. ಎಲೆಯ ಮೇಲೆ ಮಟನ್ ಬಂತು. ಮೇಜರ್ ಅದನ್ನು ನೋಡಿತು. ಮೂಗು ಅರಳಿಸಿತು. ಮುಟ್ಟಲಿಲ್ಲ! ತೀರ್ಪುಗಾರ ಗಡಿಯಾರ ನೋಡುತ್ತಾ ಮೆಚ್ಚಿ ತಲೆದೂಗಿದ.

ಆಗ ಮೇಜರ್ ಕತ್ತು ತಿರುಗಿಸಿತು. ಗಂಗಾಧರಯ್ಯನ ಕಡೆಗಲ್ಲ, ಜಯದೇವಿಯ ಕಡೆಗೂ ಅಲ್ಲ. ಹಗ್ಗದಾಚೆಯ ಹನುಮಂತಯ್ಯನ ಮುಖವನ್ನೇ ದೀನವಾಗಿ ದಿಟ್ಟಿಸಿತು. ಸಣ್ಣಗೆ ಕುಂಯ್‌ಗುಟ್ಟಿತು.

ಹನುಮಂತಯ್ಯ ಆಕಾಶ ನೋಡಿದ. ಕೆಮ್ಮಿದ. ಟವೆಲಿನಿಂದ ಮುಖ ಒರೆಸಿಕೊಂಡ. ಮೇಜರ್ ಮತ್ತೆ ಕುಂಯ್ ಎಂದಿತು. ಮುದುಕನ ಕರುಳು ಕಿತ್ತುಬಂತು.

"ತಿನ್ನೋ ಮಗಾ! ಯಾಕ್ ಕಾಯ್ತೀಯ!"

ಎಲೆ ಖಾಲಿ. ಕಪ್ಪೂ ಖಾಲಿ.

ಇಡೀ ಮೈದಾನ ಮಾಲೀಕನ ಕಡೆ ತಿರುಗಿತು. ಮೊದಲು ಬಾಯಿ ಬಂದದ್ದು ಚಿಕ್ಕಲಕ್ಷ್ಮಮ್ಮನಿಗೆ. "ಭಾನ್ವಾರ ಸಾರಿನ ಮೂಳೆಯೆಲ್ಲ ಎಲ್ಲಯ್ಯಾ ಅಂದ್ರೆ, ನಾನೇ ಅಗ್ದೆ ಕಣೇ ಅಂತಿದ್ಯಲ್ಲ! ಬಾಯಲ್ಲಿ ನಾಕು ಹಲ್ಲಿಲ್ಲ!"

"ಅದೇನ್ ಕದ್ದು ತಿಂದಿಲ್ಲ ಬುಡು," ಎಂದ ಹನುಮಂತಯ್ಯ ಟವೆಲಿನ ಹಿಂದಿನಿಂದ. "ಗೋಡೆ ಮ್ಯಾಲೆ ಇಟ್ಟು ನಾನು ತಿನ್ನು ಅನ್ನೋಗಂಟ ಕಾಯ್ತದೆ. ನಾನೇ ಕಲ್ಸಿದ್ದು."

ಬಸ್ಸಿಗೆ ನಾಯಿ ಹತ್ತಿಸಲಿಲ್ಲವಾದ್ದರಿಂದ ಗಂಡ ಹೆಂಡತಿ ನಡೆದೇ ಬಂದರು. ದಾರಿಯುದ್ದಕ್ಕೂ ಜಯದೇವಿ ಒಂದೇ ಮಾತಾಡಿದಳು. "ಶಿವಭಕ್ತನಿಗೆ ಇವತ್ತೂ ಉಪವಾಸ ತಾನೇ?"

ಸೋಮವಾರ ಬೆಳಗ್ಗೆ ಗಂಗಾಧರಯ್ಯ ಸರಪಳಿ ಹಿಡಿದು ಹನುಮಂತಯ್ಯನ ಜಗುಲಿಯ ಮುಂದೆ ನಿಂತ. ಹಿಂದೆ ಜಯದೇವಿ, ಕಣ್ಣು ಊದಿಸಿಕೊಂಡು.

"ಮಾತು ಅಂದ್ರೆ ಮಾತು, ಹನುಮಂತಯ್ಯನೋರೇ. ಕಪ್ ತರಲಿಲ್ಲ. ನಾಯಿನ ಬಿಟ್ಟು ಬರ್ತೀನಿ."

ಹನುಮಂತಯ್ಯ ಎದ್ದು ಬಂದವನೇ ಸರಪಳಿ ಕಿತ್ತುಕೊಂಡ.

"ಖಾಲಿ ಮಾಡೋ ಹಂಗಿದ್ರೆ ನೀವು ಮಾಡಿ ಐನೋರೇ! ನಾಯಿ ತಂಟೆಗೆ ಬಂದ್ರೆ ಸುಮ್ಕಿರಾಕಿಲ್ಲ!"

ಜಯದೇವಿ ಸೆರಗಿನಿಂದ ಕಣ್ಣೊರೆಸಿಕೊಂಡು, ಗಂಡನ ತೋಳು ಹಿಡಿದು ಮನೆಯ ಕಡೆ ತಿರುಗಿಸಿದಳು.

"ನಡೀರಿ ಒಳಗೆ. ಇನ್ಮೇಲೆ ಬಾಡಿಗೆ ರಸೀದಿ ಮೇಜರ್ ಹೆಸರಿಗೇ ಬರೆಸ್ಕೊಳ್ಳಿ. ನಾವು ಅದರ ಕಡೆಯೋರು ಅಂತ ಒಂದು ಮೂಲೇಲಿ ಇದ್ದುಬಿಡೋಣ."