ಮಡುವಿನ ಹೂಳು, ಮೀನಿನ ಮೂಗು

ಊರಿಗೆ ಒಳ್ಳೆಯದು ಮಾಡಲು ಹೊರಟವರಿಗೆ ಇಂಥವೆಲ್ಲ ಆಗುತ್ತಲೇ ಇರುತ್ತವೆ. ಕೂತಲ್ಲಿ ಕೂರದ ನನ್ನಂಥವಳಿಗೆ ಸ್ವಲ್ಪ ಹೆಚ್ಚಾಗಿಯೇ ಆಗುತ್ತವೆ. ಮುಂಬಯಿ, ರಂಗೂನು ಎಲ್ಲ ಸುತ್ತಿ, ಯುದ್ಧದ ಕಾಲದಲ್ಲಿ ಬೇವೂರಿನ ಆಚೆಗಿದ್ದ ಸೋದರತ್ತೆಯ ಊರಿಗೆ ಬಂದು ಬಿದ್ದಿದ್ದೆ. ಅಲ್ಲಿಯ ಕೆರೆ ಹೂಳು ತುಂಬಿ ತಟ್ಟೆಯಂತಾಗಿತ್ತು. ಬೇಸಿಗೆಯಲ್ಲಿ ನಡುವಿನ ಮಡುವೊಂದರಲ್ಲೇ ನೀರು, ಆ ನೀರಲ್ಲೇ ಉಳಿದ ಮೀನು. ಅದೂ ಬತ್ತಿದರೆ ಮೀನಿನ ಸಂತಾನ ಮುಗಿದಂತೆ. ಅದನ್ನೇ ನಂಬಿದ್ದ ಅಂಬಿಗರ ಮುದುಕಿ ಮನೆಮಂದಿಯನ್ನು ಕಟ್ಟಿಕೊಂಡು ಗಂಗಾವತಿ ಕಡೆ ಹೊಳೆದಂಡೆಗೆ ಹೋಗಬೇಕಾಗುತ್ತಿತ್ತು.

“ಹೊಳಿ ಭಾಳ ದೊಡ್ಡದ್ರಿ ಅಕ್ಕಾರ,” ಅಂದಳು ಮುದುಕಿ. “ಅಲ್ಲಿ ಮೀನು ನನ್ನ ಗುರ್ತು ಹಿಡಿಯೂದಿಲ್ಲ.”

ಆ ಮಾತಿಗೆ ಕರಗಿ, ಕೆರೆ ದುರಸ್ತಿ ಮಾಡಿಸೋಣ ಎಂದುಬಿಟ್ಟೆ. ನನ್ನ ದಣಿವು ಶುರುವಾದದ್ದು ಅಲ್ಲಿಂದ.

೧. ಒಪ್ಪಿಗೆ

ಗೌಡರ ಕಟ್ಟೆಯ ಮೇಲೆ ಊರೆಲ್ಲ ಸೇರಿತು. ಮನೆಗೊಬ್ಬರು ಬಂದು ಮಡುವಿನ ಹೂಳು ಎತ್ತಬೇಕು ಎಂದೆ. “ಛಲೋ ಮಾತ್ರಿ, ಛಲೋ ಮಾತು” ಎಂದು ಎಲ್ಲರೂ ಗೋಣು ಹಾಕಿದರು. ಮರುದಿನ ಬೆಳಿಗ್ಗೆ ಬಂದವರು ನಾನು, ಮುದುಕಿ ಮತ್ತು ಯಾರದೋ ಒಂದು ಎಮ್ಮೆ. ಎಮ್ಮೆ ಮಡುವಿಗಿಳಿದು ಮಲಗಿಬಿಟ್ಟಿತು.

ಗೌಡರನ್ನು ಹೋಗಿ ಕೇಳಿದೆ.

“ಎಲ್ಲಾರೂ ಒಪ್ಪ್ಯಾರಲ್ರಿ ಅಕ್ಕಾರ,” ಅಂದರು. “ಮತ್ತ ಬರೂದೊಂದು ಯಾಕ?”

೨. ಒಡ್ಡು

ಗುಡ್ಡದ ಮಣ್ಣು ಕೊಚ್ಚಿಕೊಂಡು ಕೆರೆಗೆ ಬರಬಾರದೆಂದು ಮೇಲಿನ ಹಳ್ಳಕ್ಕೆ ಅಡ್ಡಲಾಗಿ ಕಲ್ಲಿನ ಒಡ್ಡು ಹಾಕಿಸಿದೆ. ಅದು ದಿನದಿಂದ ದಿನಕ್ಕೆ ಬಡವಾಗುತ್ತ ಹೋಯಿತು. ಹುಡುಕಿಕೊಂಡು ಹೋದರೆ ಕಲ್ಲುಗಳೆಲ್ಲ ಒಬ್ಬ ರೈತನ ಹಿತ್ತಲ ಗೋಡೆಯಲ್ಲಿ ಸಾಲಾಗಿ ಕೂತಿದ್ದವು.

“ಏನಪಾ ಇದು?”

“ನೀರು ತಡಿಯಾಕ ಹಾಕಿದ ಕಲ್ಲು ಹೌದಲ್ರಿ?” ಅಂದ ಅವನು. “ನಮ್ಮ ಹಿತ್ತಲಕ್ಕೂ ನೀರು ನುಗ್ಗತಿತ್ತು.”

ಅಷ್ಟರಲ್ಲಿ ಅವನ ಹೆಂಡತಿ ಹೊರಗೆ ಬಂದಳು. “ಇನ್ನೊಂದು ನಾಕು ಕಲ್ಲು ಕಮ್ಮಿ ಬಿದ್ದಾವ್ರಿ. ಮತ್ತ ಯಾವಾಗ ಒಡ್ಡು ಹಾಕಸ್ತೀರಿ?”

೩. ಮೂಗುತಿ

ಆ ಬೇಸಿಗೆ ಮಡು ಮೊಣಕಾಲುದ್ದಕ್ಕೆ ಇಳಿಯಿತು. ಇದ್ದ ನಾಲ್ಕು ಮೀನಿಗೂ ಜನ ಧೋತರ ಹಾಸಿ ಬಲೆ ಮಾಡಿಕೊಂಡು ನಿಂತರು. ಮುದುಕಿ ಗಂಟುಮೂಟೆ ಕಟ್ಟತೊಡಗಿದಳು.

ಒಂದು ಸಂಜೆ ಏರಿಯ ಮೇಲೆ ಹೆಂಗಸರು, “ದೇಶಾ ತಿರಗೀರಿ, ಏನರ ಹೇಳ್ರಿ” ಎಂದರು. ಯಾವುದೋ ಊರ ಗುಡಿಯ ಹೊಂಡದಲ್ಲಿ ಮೀನಿಗೆ ಬಂಗಾರದ ಮೂಗುತಿ ಇಟ್ಟದ್ದನ್ನು ಕಂಡಿದ್ದೆ. ಅದನ್ನೇ ಹೇಳಿದೆ.

“ಅದ್ರಾಗೇನೈತಿ?” ಅಂದಳು ಮುದುಕಿ, ಕಣ್ಣೂ ಮಿಟುಕಿಸದೆ. “ನಮ್ಮ ಮಡುವಿನ್ಯಾಗೂ ಅಂಥಾದೊಂದೈತಿ. ನಮ್ಮತ್ತಿ ನೋಡಿದ್ಲು. ಗಂಗವ್ವನ ಮೀನದು, ತಿಂದ್ರ ವಂಶ ಉಳಿಯೂದಿಲ್ಲ.” ಆಮೇಲೆ ನನ್ನ ಕಿವಿಯಲ್ಲಿ, “ಇನ್ನ ಯಾರೂ ಮಡುವಿಗೆ ಇಳಿಯೂದಿಲ್ಲ ನೋಡ್ರಿ” ಎಂದಳು.

ಬೆಳಗಾದರೆ ಇಡೀ ಊರೇ ಮಡುವಿನಲ್ಲಿತ್ತು. ಎಲ್ಲರಿಗಿಂತ ಮುಂದೆ ಪೂಜಾರಿ. ಮುದುಕಿ ತಲೆಯ ಮೇಲೆ ಕೈ ಹೊತ್ತು ಕೂತಳು.

ಆದರೆ ಗಂಗವ್ವನ ಮೀನನ್ನು ಊರೆದುರು ಬುಟ್ಟಿಗೆ ಹಾಕುವ ಎದೆ ಯಾರಿಗಿದೆ? ಹಿಡಿದರು, ಮೂಗು ನೋಡಿದರು, ಕೈಮುಗಿದು ನೀರಿಗೆ ಬಿಟ್ಟರು. ಮೂಗುತಿ ಕಾಣಲಿಲ್ಲ.

“ಹೂಳಿನ್ಯಾಗ ಬಿದ್ದಿರಬೇಕು,” ಅಂದ ಪೂಜಾರಿ.

ಗುದ್ದಲಿ ಬಂದವು, ಬುಟ್ಟಿ ಬಂದವು. ಮಡುವಿನ ಒಂದು ಮೂಲೆಯಲ್ಲಿ ಮೀನಿಗೆ ಜಾಗ ಬಿಟ್ಟು ಉಳಿದ ಹೂಳನ್ನೆಲ್ಲ ದಂಡೆಗೆ ಹೊತ್ತು, ಹಿಡಿಹಿಡಿಯಾಗಿ ಪುಡಿಮಾಡಿ ನೋಡಿದರು. ಮೊದಲ ಮಳೆ ಬರುವವರೆಗೂ ಯಾರೂ ಮನೆಯಲ್ಲಿ ಕೂರಲಿಲ್ಲ; ತಾನು ಹೋದ ಮೇಲೆ ಇನ್ನೊಬ್ಬನಿಗೆ ಸಿಕ್ಕರೆ ಎಂಬ ಭಯ. ಮಡು ಆಳುದ್ದ ಆಯಿತು. ಮಳೆ ಬಂದು ತುಂಬಿತು, ಮೀನು ಮರಿ ಮಾಡಿದವು, ಮುದುಕಿ ಗಂಟು ಬಿಚ್ಚಿದಳು.

ಏರಿಯ ಮೇಲೆ ನಿಂತಿದ್ದ ಗೌಡರಿಗೆ, “ಪಾಪ, ಮೂಗುತಿ ಸಿಗಲೇ ಇಲ್ಲ” ಎಂದೆ.

ಗೌಡರು ಅತ್ತಿತ್ತ ನೋಡಿ, ಮೀಸೆಯೊಳಗೇ ನಕ್ಕರು.

“ಬರೂ ಬ್ಯಾಸಿಗಿಗೆ ಮೀನಿನ ನಡಕ್ಕೊಂದು ಬಂಗಾರದ ಡಾಬು ಹಾಕಸ್ರಿ ಅಕ್ಕಾರ. ಊರ ಮ್ಯಾಲಿನ ಇನ್ನೊಂದು ಕೆರಿನೂ ಹೂಳು ತುಂಬೇತಿ, ಅದು ಇದಕ್ಕಿಂತ ಭಾಳ ದೊಡ್ಡದೈತಿ.”