ಆಹ್ವಾನಿತರ ಪಟ್ಟಿಗೆ ನಾನು ಕೊಟ್ಟ ಕಮಾಂಡ್

ಮೂವತ್ತು ವರ್ಷ ಆಫೀಸಿನ ದೊಡ್ಡ ಮೇನ್‌ಫ್ರೇಮ್ ಕಂಪ್ಯೂಟರಿನ ಮುಂದೆ ಕೂತು ನಿವೃತ್ತನಾದ ನನಗೆ ಮೌಸ್ ಹಿಡಿಯುವವರನ್ನು ಕಂಡರೆ ಕನಿಕರ. ಅದಕ್ಕೇ ಮನೆಯ ಲ್ಯಾಪ್‌ಟಾಪಿನಲ್ಲೂ ಹಳೆಯ ಆಫೀಸಿನದನ್ನೇ ಹೋಲುವ ಎಡಿಟರ್, ಅಂದರೆ ಬರೆದು ತಿದ್ದುವ ಪ್ರೋಗ್ರಾಂ, ಹಾಕಿಕೊಂಡಿದ್ದೇನೆ. ಕಪ್ಪು ಪರದೆ, ಹಸಿರು ಅಕ್ಷರ. ಏನಾಗಬೇಕಾದರೂ ಕಮಾಂಡ್ ಟೈಪ್ ಮಾಡಬೇಕು. ಕಿರಿಯ ಮಗಳ ಮದುವೆಗೆ ಕರೆಯಬೇಕಾದವರ ಪಟ್ಟಿ ಅದರಲ್ಲೇ ಇತ್ತು. ಹಿರಿಯವಳ ಮದುವೆಗೆ ವಿಳಾಸ ಬರೆದಿಟ್ಟಿದ್ದ ಡೈರಿ ಹಿಡಿದು ನನ್ನ ಹೆಂಡತಿ ವನಜ ಮೂರು ವಾರ ಫೋನ್ ಮಾಡಿದ್ದಳು; ಮುನ್ನೂರು ವಿಳಾಸ ತಿದ್ದಿ, ತೀರಿಕೊಂಡವರ ಹೆಸರಿನ ಮುಂದೆ ಲೇಟ್ ಎಂದು ಬರೆದಿದ್ದಳು. ನಾನು ಎಲ್ಲವನ್ನೂ ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಆ ಹೆಮ್ಮೆಯಲ್ಲಿ ಡೈರಿಯನ್ನು ಹಳೇ ಪೇಪರಿನವನಿಗೆ ಹಾಕಿದೆ.

ಅಂದು ನಾಲ್ಕು ಗಂಟೆಗೆ ಎನ್.ಆರ್. ಕಾಲೋನಿಯ ನಮ್ಮ ಮನೆಗೆ ವನಜಳ ತಂಗಿಯರು ಲಗ್ನಪತ್ರಿಕೆಯ ಕವರಿನ ಮೇಲೆ ವಿಳಾಸ ಬರೆಯಲು ಬರುವವರಿದ್ದರು. ಮೂರೂವರೆಗೆ ವನಜ ಪತ್ರಿಕೆಗಳ ಮೂಲೆಗೆ ಅರಿಶಿನ ಹಚ್ಚುತ್ತಾ ಕೂತಿದ್ದಳು.

"ರೀ, ಲೇಟ್ ಅಂತ ಇರೋರ್ನ ಮೊದ್ಲು ತೆಗೀರಿ. ತೀರಿಹೋದವ್ರ ಹೆಸರಿಗೆ ಪತ್ರಿಕೆ ಹೋದ್ರೆ ಆ ಮನೆಯವ್ರ ಮುಖ ಹೇಗ್ರೀ ನೋಡೋದು?"

"ಮೂರೇ ಕಮಾಂಡು. ನೀನು ಆಕಳಿಸೋದ್ರೊಳಗೆ ಆಗುತ್ತೆ."

X ALL ಎಂದೆ; ಪಟ್ಟಿ ಪೂರ್ತಿ ಅಡಗಿತು. FIND LATE ALL ಎಂದೆ. ತೀರಿಕೊಂಡ ಹದಿನೇಳು ಜನ ಮಾತ್ರ ಎದ್ದು ಬಂದರು. ಇನ್ನು ಕಾಣುತ್ತಿರುವವರನ್ನು ಅಳಿಸಲು DEL ALL NX ಎನ್ನಬೇಕು. ನಾನು ಮೀಸೆ ತಿರುವಿ DEL ALL X ಎಂದು ಹೊಡೆದೆ. ಅದು ಅಡಗಿರುವವರನ್ನು ಅಳಿಸುವ ಕಮಾಂಡ್!

ಹದಿನೇಳು ಜನ ಕದಲಲಿಲ್ಲ. ಬದುಕಿದ್ದವರೆಲ್ಲ ಹೋಗಿದ್ದರು.

UNDO ಎಂದೆ. ಆ ಸೌಲಭ್ಯ ಚಾಲನೆಯಲ್ಲಿಲ್ಲ ಎಂಬ ಉತ್ತರ ಬಂತು. ತಪ್ಪೇ ಮಾಡದವನಿಗೆ ಅದೇಕೆ ಎಂದು ನಾನೇ ಆಫ್ ಮಾಡಿದ್ದೆ. ಉಳಿದದ್ದು ಒಂದೇ ದಾರಿ: CANCEL ಎಂದು ಟೈಪ್ ಮಾಡಿ, ಸೇವ್ ಆಗದಂತೆ ಹೊರಬರುವುದು. ಬೆರಳು ಎತ್ತಿದೆ.

"ಆಯ್ತೇನ್ರೀ?" ವನಜ ಬೆನ್ನ ಹಿಂದೆಯೇ ನಿಂತಿದ್ದಳು.

ಬೆಚ್ಚಿದ ಬೆರಳು ಮೂವತ್ತು ವರ್ಷದ ಅಭ್ಯಾಸದಂತೆ F3 ಒತ್ತಿತು. F3 ಎಂದರೆ ಸೇವ್ ಮಾಡಿ ಹೊರಬರುವುದು.

ಫೈಲ್ ಮತ್ತೆ ತೆರೆದೆ. ಹದಿನೇಳೇ ಸಾಲು. ವನಜ ಕನ್ನಡಕ ಏರಿಸಿ ಎಲ್ಲವನ್ನೂ ಓದಿದಳು.

"ಇದ್ರಲ್ಲಿ ಜೀವ ಇರೋರು ಒಬ್ರೂ ಇಲ್ವಲ್ರೀ. ಡೈರಿ ಕೊಡಿ."

ಅದನ್ನು ಹಳೇ ಪೇಪರಿನವನಿಗೆ ಹಾಕಿದ್ದನ್ನು ಹೇಳಿದೆ. ಅವಳು ಬೈಯಲಿಲ್ಲ, ಅದಕ್ಕೇ ಇನ್ನಷ್ಟು ಹೆದರಿಕೆಯಾಯಿತು. ನೋಟ್‌ಪುಸ್ತಕ, ಪೆನ್ನು, ತನ್ನ ಫೋನು ಮೂರನ್ನೂ ನನ್ನ ಮುಂದಿಟ್ಟು, "ನಿಮ್ಮ ಮಲ್ಲೇಶ್ವರಂ ಸೋದರಮಾವನಿಂದ ಶುರು ಮಾಡಿ" ಎಂದಳು.

"ಮಾವ, ನಿಮ್ಮ ವಿಳಾಸ ಇನ್ನೊಂದ್ಸಲ ಹೇಳ್ತೀರಾ? ತೀರಿಹೋದವ್ರನ್ನ ಪಟ್ಟಿಯಿಂದ ತೆಗೆಯೋಕೆ ಹೋಗಿ ನಿಮ್ಮನ್ನ ತೆಗೆದ್ಬಿಟ್ಟೆ."

"ನಾನಿನ್ನೂ ಇದೀನಲ್ಲೋ."

ನಡೆದದ್ದನ್ನು ಕಮಾಂಡ್ ಸಮೇತ ವಿವರಿಸಿದೆ. ಮಾವ ತಾಳ್ಮೆಯಿಂದ ಕೇಳಿಸಿಕೊಂಡರು.

"ಆಫೀಸಲ್ಲೂ ಹೀಗೇ ಕೆಲ್ಸ ಮಾಡ್ತಿದ್ಯೇನೋ?"

ಈ ಪ್ರಶ್ನೆಯನ್ನು ಇಡೀ ಸೇವಾವಧಿಯಲ್ಲಿ ಯಾರೂ ಕೇಳದಂತೆ ನೋಡಿಕೊಂಡಿದ್ದೆ. ಕ್ರಾಸ್ ನಂಬರ್ ಎಷ್ಟು ಮಾವ, ಎಂದೆ.