ದರ್ಶಿನಿ ಮೇಲೆ ಬಿದ್ದ ಕೆಂಪು ಚುಕ್ಕೆಗಳು

ಇದನ್ನು ನನಗೆ ಮೊದಲು ಹೇಳಿದ್ದು ಪದ್ಮನಾಭನಗರದ ನಮ್ಮ ಪಶುವೈದ್ಯೆ: ಸತ್ತ ಹಕ್ಕಿ ಕಂಡರೆ ಮುಟ್ಟಬೇಡಿ, ಫೋಟೊ ತೆಗೆದು ಆ್ಯಪಿಗೆ ಹಾಕಿ, ಮ್ಯಾಪಲ್ಲಿ ಕೆಂಪು ಚುಕ್ಕೆ ಬೀಳುತ್ತೆ. ಚುಕ್ಕೆ ಗುಂಪುಗೂಡಿದ ಕಡೆ ರೋಗ ಹುಡುಕಬೇಕು. ಅವರ ಕೆಲಸಕ್ಕೆ ಕೈಜೋಡಿಸಿದ ಮೇಲೆ ಗೊತ್ತಾಯ್ತು, ಹಕ್ಕಿಗಳಿಗಿಂತ ಚುಕ್ಕೆ ಹಾಕೋರ ಪ್ರಸಂಗಗಳೇ ಜಾಸ್ತಿ. ವಾರಕ್ಕೊಂದು ಗ್ಯಾರಂಟಿ.

ತಾರಸಿಯ ಕಾಗೆ

ತ್ಯಾಗರಾಜನಗರದ ಆಂಟಿಯೊಬ್ಬರು ಎದುರುಮನೆ ತಾರಸಿಯಲ್ಲಿ ಸತ್ತ ಕಾಗೆ ನೇತಾಡ್ತಿದೆ ಅಂತ ಚುಕ್ಕೆ ಹಾಕಿದರು. ಡಾಕ್ಟರು ಗ್ಲೌಸು, ಮಾಸ್ಕು ಹಾಕ್ಕೊಂಡು ಹತ್ತಿದರು. ನಾನು ಮೆಟ್ಟಿಲಲ್ಲೇ ನಿಂತು, ವಾಸನೆ ಬರ್ತಿದೆಯಾ ಅಂತ ಕೇಳಿದೆ.

"ಇಲ್ಲ ಕಣ್ರೀ. ರೆಕ್ಕೆ ಮೇಲೆ ಬೆಲೆ ಚೀಟಿ ಇದೆ."

ಪಾರಿವಾಳ ಓಡಿಸೋಕೆ ಮನೆಯವರು ಕಟ್ಟಿದ್ದ ಪ್ಲಾಸ್ಟಿಕ್ ಕಾಗೆ. ಪಕ್ಕದಲ್ಲೇ ಪಾರಿವಾಳ ಗೂಡು ಕಟ್ಟಿತ್ತು.

ಪ್ಯೂರ್ ವೆಜ್

ಆಮೇಲೊಮ್ಮೆ ಕೆರೆ ಹತ್ತಿರದ ದರ್ಶಿನಿ ಹೋಟೆಲಿನ ಮೇಲೆ ಚುಕ್ಕೆಗಳ ರಾಶಿ ಬಿತ್ತು. ಆ ಮ್ಯಾಪು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪುಗಳಿಗೆ ಹೋಗಿ, ಇಡ್ಲಿ ಕೇಳೋರಿಲ್ಲದಂತಾಯ್ತು. ಮಾಲೀಕರು ಕ್ಲಿನಿಕ್ಕಿಗೇ ಬಂದರು.

"ನಮ್ಮದು ಪ್ಯೂರ್ ವೆಜ್ ಮೇಡಂ. ಹಕ್ಕಿಗಳು ಯಾಕೆ ಇಲ್ಲಿಗೆ ಬಂದು ಸಾಯ್ತವೆ? ಹೀಗೇ ಆದ್ರೆ ಶಟರ್ ಎಳೀಬೇಕು."

ಇನ್ನೂ ಅಲ್ಲಿಗೆ ಬರ್ತಿದ್ದೋರು ವಾಕಿಂಗ್ ಅಂಕಲ್‌ಗಳು ಮಾತ್ರ. ಮರುದಿನ ಬೆಳಿಗ್ಗೆ ನಾವೂ ಅವರ ಹಿಂದೆ ನಡೆದೆವು. ಕೆರೆ ಏರಿ ಪಕ್ಕ ಸತ್ತ ಕೊಕ್ಕರೆ. ಅಂಕಲ್ ಒಬ್ಬರು ನಡೀತಾನೇ ಫೋಟೊ ತೆಗೆದರು. ದರ್ಶಿನಿಗೆ ಬಂದು, ಕಾಫಿ ತಗೊಂಡು, ಕನ್ನಡಕ ಏರಿಸಿ, ಆಗ ಆ್ಯಪಿಗೆ ಹಾಕಿದರು. ಫೋನ್ ಎಲ್ಲಿದೆಯೋ ಚುಕ್ಕೆ ಅಲ್ಲೇ.

ಕೆರೆ ಹತ್ತಿರವೇ ಹಾಕಬಾರದಿತ್ತಾ ಅಂಕಲ್ ಅಂದೆ.

"ವಾಕಿಂಗ್ ಮಧ್ಯೆ ನಿಲ್ಲಬಾರದು ಅಂತ ಹಾರ್ಟ್ ಡಾಕ್ಟರು ಹೇಳಿದಾರಮ್ಮ."

ಹಸಿರು ಚುಕ್ಕೆ

ಆ ಅಂಕಲ್‌ಗಳನ್ನೇ ಕೇಳಿ ಕೇಳಿ, ಡಾಕ್ಟರು ಒಂದೊಂದೇ ಚುಕ್ಕೆಯನ್ನು ಹಕ್ಕಿ ಬಿದ್ದ ಜಾಗಕ್ಕೆ ಸರಿಸಿದರು. ರಾಶಿ ಬಿಚ್ಚಿಕೊಂಡಿತು. ಕೆರೆಗೆ ಕೊಳಚೆ ಸೇರೋ ಮೂಲೆಯ ಸುತ್ತ ಚುಕ್ಕೆಗಳು ಮಣಿ ಪೋಣಿಸಿದ ಹಾಗೆ ನಿಂತವು. ಎಷ್ಟು ವರ್ಷದಿಂದ ಆ ಏರಿ ಮೇಲೆ ಓಡಾಡಿದೀನಿ. ನನ್ನ ಕಣ್ಣಿಗೆ ಕಾಣದ್ದು ಅಂಗೈಯಗಲದ ಪರದೆ ಮೇಲೆ ಮೂಡಿತ್ತು. ಡಾಕ್ಟರು ಆ ಮ್ಯಾಪನ್ನೇ ಪಾಲಿಕೆಯವರಿಗೆ ಕಳಿಸಿದರು. ಅವರು ಕೊಳಚೆ ತಡೆದು, ಆ ಮೂಲೆ ಶುಚಿ ಮಾಡಿದ ಮೇಲೆ ಹೊಸ ಚುಕ್ಕೆ ಬೀಳೋದೂ ನಿಂತಿತು.

ದರ್ಶಿನಿ ಮತ್ತೆ ತುಂಬಿತು. ಮಾಲೀಕರು ತಾವೇ ಕಾಫಿ ತಂದಿಟ್ಟು, ಬಗ್ಗಿ ಮೆಲ್ಲಗೆ ಹೇಳಿದರು.

"ಕೆಂಪು ತೆಗೆದ್ರಿ, ಪುಣ್ಯ ಬರುತ್ತೆ. ಹಾಗೇ ನಮಗೊಂದು ಹಸಿರು ಚುಕ್ಕೆ ಹಾಕ್ಬಿಡಿ ಮೇಡಂ, ಇಲ್ಲಿ ತಿಂದೋರು ಯಾರೂ ಸತ್ತಿಲ್ಲ ಅಂತ. ಎದುರಿನ ಹೋಟೆಲಿಗೆ ಬೇಡ."

ನಿಮ್ಮ ವಾಕಿಂಗ್ ಗುಂಪಿಗೂ ಇದನ್ನು ದಾಟಿಸಿ. ಕೆರೆ ಹತ್ತಿರ ಇರುವಾಗಲೇ ಹೇಳಿ, ಕಾಫಿ ಕೌಂಟರಿಗೆ ಬಂದ ಮೇಲೆ ಬೇಡ.